ಆಟ ಆಡೋದು ಬ್ಯಾರೆ, ಆಟ ಕಟ್ಟೋದು ಬ್ಯಾರೆ

ನಮ್ಮ ಕಡೆ ಯಾರಾದ್ರೂ ಕೆಲಸ ಬಿಟ್ಟು ಕುಂತಿದ್ರ, "ಏನ್ ಚೌಕಾಬಾರ ಆಡಾಕ ಕುಂತೀಯೇನು?" ಅಂತ ಬೈತಾರ. ಆಟ ಅಂದ್ರ ಕೆಲಸ ಇಲ್ಲದವರ ಕೆಲಸ ಅಂತ ಎಲ್ಲರ ತಿಳುವಳಿಕೆ. ಆದ್ರ ಆ ಚೌಕಾಬಾರನ್ನೂ ಯಾರೋ ಒಬ್ರು ಕುಂತು, ಲೆಕ್ಕ ಹಾಕಿ, ಅಳಿಸಿ, ಮತ್ತ ಬರದು ಕಟ್ಟಿರಬೇಕಲ್ರೀ? ಅಂಥ ಆಟ ಕಟ್ಟೋರ ಬಗ್ಗೆ ನನಗ ತಿಳಿದಷ್ಟು ಚರಿತ್ರೆ ಇವತ್ತು ಬರೀತೀನಿ.

ಮೊದಲು ನಮ್ಮ ಮನಿ ಆಟದ ಲೆಕ್ಕಾನೇ ನೋಡ್ರಿ. ಐದು ಸಾಲು, ಐದು ಅಡ್ಡ, ಒಟ್ಟು 25 ಮನಿ. ಅದರಾಗ ಗುಣಾಕಾರದ ಗುರುತು ಹಾಕಿದ ಕಟ್ಟಿಮನಿ ಐದು, ಅಲ್ಲಿ ಕಾಯಿ ಕಡಿಯಂಗಿಲ್ಲ. ಕವಡಿ ಇಲ್ಲದವರು ಎರಡು ಹುಣಸಿ ಬೀಜ ಹೋಳು ಮಾಡಿ ನಾಕು ಹೋಳು ಮಾಡ್ಕೊಂತಾರ. ಒಂದು ಕಡೆ ಬಿಳಿ, ಒಂದು ಕಡೆ ಕಪ್ಪು. ನಾಕು ಹೋಳು ಚೆಲ್ಲಿದ್ರ 16 ತರ ಬೀಳಬಹುದು. ಅದರಾಗ ಎರಡು ಬೀಳೋದು ಆರು ತರ, ಒಂದು ನಾಕು ತರ, ಮೂರು ನಾಕು ತರ. ಎಲ್ಲಾ ಬಿಳಿ ಬಿದ್ದು ನಾಕಾಗೋದು ಒಂದೇ ತರ, ಎಲ್ಲಾ ಕಪ್ಪು ಬಿದ್ದು ಎಂಟಾಗೋದು ಒಂದೇ ತರ. ಅಪರೂಪಕ್ಕ ಬೀಳೋ ಆ ನಾಕಕ್ಕೂ ಎಂಟಕ್ಕೂ "ಇನ್ನೊಂದು ಆಟ ಆಡು" ಅಂತ ಬಹುಮಾನ ಇಟ್ಟಾರ. ಈ ನೇಮ ಇಟ್ಟವರಿಗೆ ಯಾವುದು ಎಷ್ಟು ಸಲ ಬೀಳ್ತೈತಿ ಅನ್ನೋದು ಪೂರಾ ಗೊತ್ತಿತ್ತು. ಅವರ ಹೆಸರು ಮಾತ್ರ ನಮಗ ಗೊತ್ತಿಲ್ಲ.

ನಮ್ಮ ಜಿಲ್ಲಾದಾಗೇ ಇರೋ ಹಂಪಿಗೆ ಹೋದಾಗ ಎಲ್ಲರೂ ಮೇಲಿನ ಗೋಪುರ, ಕಂಬ ನೋಡ್ತಾರ. ಒಂದು ಸಲ ಕೆಳಗ ನೋಡ್ರಿ. ಮಂಟಪಗಳ ಕಲ್ಲು ಹಾಸಿನ ಮ್ಯಾಲೆ ಅಲ್ಲಲ್ಲೇ ಆಟದ ಮನಿ ಕೆತ್ತ್ಯಾರ. ಹುಲಿ-ಕುರಿ ಆಟದ ಗೆರಿ, ಅಳಗುಳಿ ಮಣಿಯ ಕುಣಿ, ಚೌಕದ ಮನಿ. ಕಲ್ಲು ಕೆಲಸದವರೋ, ಕಾವಲಿನವರೋ, ಜಾತ್ರಿಗೆ ಬಂದವರೋ, ಯಾರು ಕೆತ್ತಿದ್ರೋ. ಶಾಸನ ಕೆತ್ತಿಸಿದವರು ಹೆಸರು ಹಾಕಿಸಿದ್ರು, ಆಟ ಕೆತ್ತಿದವರು ಹಾಕಲಿಲ್ಲ.

ಹೆಸರು ಉಳಿದಿರೋ ಆಟಗಾರ, ಅಂದ್ರ ಆಟ ಕಟ್ಟಿದವರು, ಕನ್ನಡ ನಾಡಿನಾಗ ಯಾರದಾರ ಅಂತ ಹುಡುಕಿದ್ರ ಒಬ್ಬ ರಾಜರು ಸಿಗ್ತಾರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರು ನಮ್ಮ ಸೀಮಿಗೆ ರಾಜರಲ್ಲ. 1800ರಾಗ ನಿಜಾಮರು ಬಳ್ಳಾರಿ ಸೀಮಿನ ಕಂಪನಿಯವರಿಗೆ ಕೊಟ್ಟ ಮ್ಯಾಲೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲಾ ಮದರಾಸಿನ ಆಡಳಿತಕ್ಕ ಸೇರಿದ್ವು. ನಾವು ಮೈಸೂರು ರಾಜ್ಯಕ್ಕ ಸೇರಿದ್ದು 1953ರಾಗ. ಆದ್ರೂ ಈ ರಾಜರ ಕಥಿ ನಮಗೂ ಬೇಕು.

1794ರಾಗ ಹುಟ್ಟಿದ ಈ ಮಗುವನ್ನ ಟಿಪ್ಪು ತೀರಿಕೊಂಡ ಮ್ಯಾಲೆ 1799ರಾಗ ಐದು ವರ್ಷದವನಿದ್ದಾಗ ಸಿಂಹಾಸನದ ಮ್ಯಾಲೆ ಕುಂದ್ರಿಸಿದ್ರು. ಆಡಳಿತ ನೋಡಿಕೊಂಡೋರು ದಿವಾನ್ ಪೂರ್ಣಯ್ಯನವರು. ಹದಿನಾರರ ಹೊತ್ತಿಗೆ ಅಧಿಕಾರ ಕೈಗೆ ಬಂತು. 1830ರಾಗ ನಗರದ ಸೀಮ್ಯಾಗ ರೈತರ ದಂಗೆ ಎದ್ದಿತು. ಅದನ್ನೇ ನೆವ ಮಾಡ್ಕೊಂಡು 1831ರಾಗ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನೇ ಕಸಗೊಂಡ. ಆವಾಗ ರಾಜರಿಗೆ 37 ವರ್ಷ. ಕಮೀಷನರ್ ಮಾರ್ಕ್ ಕಬ್ಬನ್ ಬೆಂಗಳೂರಾಗ ಕುಂತು ರಾಜ್ಯ ನಡೆಸಿದ. ರಾಜರಿಗೆ ವರ್ಷಕ್ಕ ಒಂದು ಲಕ್ಷ ವರಹ, ಅಂದ್ರ ಮೂರೂವರೆ ಲಕ್ಷ ರೂಪಾಯಿ, ಜೊತಿಗೆ ನಿವ್ವಳ ಆದಾಯದಾಗ ಐದರಾಗ ಒಂದು ಪಾಲು. ಹೆಸರಿಗೆ ಮಹಾರಾಜರು, ಸಹಿ ಮಾಡಾಕ ಒಂದು ಕಾಗದಿಲ್ಲ. ರಾಜ್ಯ ವಾಪಸ್ ಕೊಡ್ರಿ ಅಂತ ಬರದು ಬರದು ಕೇಳಿದ್ರು. 1868ರಾಗ ತೀರಿಕೊಳ್ಳೋತನಕ ಅಧಿಕಾರ ಸಿಗಲಿಲ್ಲ. ಅದು ಮನಿತನಕ್ಕ ವಾಪಸ್ ಬಂದದ್ದು 1881ರಾಗ, ದತ್ತು ಮಗ ಚಾಮರಾಜೇಂದ್ರರ ಕಾಲಕ್ಕ.

ಮುವ್ವತ್ತೇಳರ ವಯಸ್ಸಿನಾಗ ಕೆಲಸ ಹೋದ ಮನುಷ್ಯ ಮುಂದಿನ ಮುವ್ವತ್ತಾರು ವರ್ಷ ಏನ್ ಮಾಡಿದ? ವಿದ್ವಾಂಸರನ್ನ ಸಾಕಿದ್ರು, ಚಿತ್ರ ಬರೆಸಿದ್ರು, ಪುಸ್ತಕ ಮಾಡಿಸಿದ್ರು. ಅದರ ಜೊತಿಗೆ ಆಟ ಕಟ್ಟಿದ್ರು. "ಶ್ರೀತತ್ತ್ವನಿಧಿ" ಅಂತ ಒಂಬತ್ತು ಭಾಗದ ದೊಡ್ಡ ಸಚಿತ್ರ ಗ್ರಂಥ ಅವರ ಹೆಸರಿನಾಗ ಐತಿ. ದೇವರ ಧ್ಯಾನ, ಮೂರ್ತಿ ಲಕ್ಷಣ ಎಲ್ಲಾ ಆದ ಮ್ಯಾಲೆ ಕೊನೆ ಭಾಗ "ಕೌತುಕನಿಧಿ". ಅದರಾಗ ಆಟಗಳು ಬರ್ತಾವು. 122 ಯೋಗಾಸನದ ಚಿತ್ರ ಇರೋದೂ ಅದರಾಗೇ.

ಅವರಿಗೆ ಬಾಳ ಪ್ರೀತಿ ಗಂಜೀಫಾ ಅಂತ ಕಾಣ್ತೈತಿ. ಇದು ನಮ್ಮ ಇಸ್ಪೀಟಿನಂಗ ಎಲಿ ಆಟ, ಆದ್ರ ಎಲಿ ದುಂಡಗ ಇರ್ತಾವು, ಕೈಯಾಗ ಬಣ್ಣ ಬರದು ಮಾಡಿದವು. ಮೊಗಲರ ಗಂಜೀಫಾಕ್ಕ ಎಂಟು ಬಣ್ಣ, ಬಣ್ಣಕ್ಕ ಹನ್ನೆರಡರಂಗ 96 ಎಲಿ. ದಶಾವತಾರದ್ದಕ್ಕ ಹತ್ತು ಬಣ್ಣ, 120 ಎಲಿ. ಪ್ರತಿ ಬಣ್ಣದಾಗ ಒಬ್ಬ ರಾಜ, ಒಬ್ಬ ಮಂತ್ರಿ, ಆಮ್ಯಾಲೆ ಒಂದರಿಂದ ಹತ್ತು. ಇನ್ನೊಂದು ಚಮತ್ಕಾರ ಐತಿ. ಅರ್ಧ ಬಣ್ಣಗಳಾಗ ಹತ್ತು ದೊಡ್ಡದು, ಉಳಿದರ್ಧದಾಗ ಒಂದೇ ದೊಡ್ಡದು. ತಲಿ ಓಡಿಸಿ ನೆನಪಿಟ್ಟುಕೊಂಡೇ ಆಡಬೇಕು.

ಮುಮ್ಮಡಿಯವರು ಇದಕ್ಕ "ಛದ" ಅಂತ ಹೆಸರಿಟ್ಟು (ಛದ ಅಂದ್ರ ಸಂಸ್ಕೃತದಾಗ ಎಲೆ) ಹೊಸಾ ಹೊಸಾ ಆಟ ಹುಟ್ಟಿಸಿದ್ರು. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ ಅಂತ. ಕೆಲವಕ್ಕ 18 ಬಣ್ಣ. ಎಲ್ಲಕ್ಕಿಂತ ದೊಡ್ಡ ಕಟ್ಟಿಗೆ 360 ಎಲಿ. ಇಸ್ಪೀಟಿನ ಏಳು ಕಟ್ಟು ಕೂಡಿಸಿದ್ರೂ 364 ಅಷ್ಟೇ, ಲೆಕ್ಕ ಹಾಕ್ಕೊಳ್ರಿ.

ಚದುರಂಗದಾಗ ಕುದುರಿ ಎರಡೂವರಿ ಮನಿ ಹಾರ್ತೈತಲ್ಲ, ಅದನ್ನ 64 ಮನಿಗೂ ಒಂದೊಂದೇ ಸಲ ಮುಟ್ಟಿಸಿ ಬರೋದು ಹಳೇ ಕಾಲದಿಂದ ಇರೋ ಕಸರತ್ತು. ರಾಜರು ಅದಕ್ಕ ಇನ್ನೊಂದು ಗಂಟು ಹಾಕಿದ್ರು. ಕುದುರಿ ಮುಟ್ಟಿದ ಕ್ರಮದಾಗ ಮನಿಗೆ 1, 2, 3 ಅಂತ 64ರ ತನಕ ಅಂಕಿ ಬರಕೊಂತ ಹೋದ್ರ, ಯಾವ ಸಾಲು ಕೂಡಿಸಿದ್ರೂ 260, ಯಾವ ಕಂಬ ಕೂಡಿಸಿದ್ರೂ 260 ಬರಬೇಕು! 1ರಿಂದ 64 ಕೂಡಿಸಿದ್ರ 2080, ಅದನ್ನ ಎಂಟು ಸಾಲಿಗೆ ಹಂಚಿದ್ರ 260, ಹಂಗಾಗಿ ಆ ಅಂಕಿ. ಅಂಥಾದ್ದನ್ನ ಅವರು ಮಾಡಿ ತೋರಿಸ್ಯಾರ. ಮೂಲಿಯಿಂದ ಮೂಲಿಗೂ 260 ಬರೋದು ಸಾಧ್ಯ ಐತೇನು ಅಂತ 2003ರಾಗ ಕಂಪ್ಯೂಟರಿಗೆ ಹಚ್ಚಿದ್ರು. ಎರಡು ತಿಂಗಳು ಹುಡುಕಿ, ಎಂಟು-ಎಂಟರ ಮಣಿ ಮ್ಯಾಲೆ ಅದು ಆಗಂಗಿಲ್ಲ ಅಂತ ಹೇಳಿತು. ಕಾಗದ, ಲೇಖನಿ, ರಾತ್ರಿ ದೀಪ ಇಟ್ಟುಕೊಂಡು ಆಗೋದ್ರಾಗ ಎಲ್ಲಿತನಕ ಹೋಗಬಹುದೋ ಅಲ್ಲಿತನಕ ರಾಜರು ಹೋಗಿದ್ರು.

"ರಾಜ್ಯ ಕಳಕೊಂಡು ಆಟ ಆಡ್ತಾ ಕುಂತ ರಾಜ" ಅಂತ ಅವರನ್ನ ಹಗುರಾಗಿ ಮಾತಾಡೋರು ಇದ್ದಾರ. ನಾನು ಒಪ್ಪಂಗಿಲ್ಲ. ದರ್ಬಾರಿನಾಗ ನೇಮ ಮಾಡೋ ಅಧಿಕಾರ ಕಸಗೊಂಡ್ರು, ಅವರು ಮಣಿ ಮ್ಯಾಲೆ ನೇಮ ಮಾಡಿದ್ರು. ಯಾವ ಎಲಿ ದೊಡ್ಡದು, ಯಾರು ಮೊದಲು, ಸೋತವಗ ಇನ್ನೊಂದು ದಾರಿ ಐತೋ ಇಲ್ಲೋ ಅನ್ನೋದೆಲ್ಲಾ ಒಂದು ಸಣ್ಣ ರಾಜ್ಯದ ಕಾನೂನೇ.

ಇದನ್ನ ಇಷ್ಟು ಬಿಡಿಸಿ ಬರಿಯಾಕ ಒಂದು ಕಾರಣ ಐತಿ. ನಮ್ಮ ಅಕ್ಕನ ಮಗ ಎರಡು ವರ್ಷದ ಹಿಂದ ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು, ಒಬ್ಬನೇ ಕಂಪ್ಯೂಟರ್ ಆಟ ಕಟ್ತೀನಿ ಅಂತ ಊರಿಗೆ ಬಂದಾನ. ನಮ್ಮಕ್ಕಗ ಕಣ್ಣೀರು. ಹೆಣ್ಣು ಕೊಡಾಕ ಬಂದವರು "ಹುಡುಗ ಏನ್ ಮಾಡ್ತಾನ್ರಿ?" ಅಂತ ಕೇಳಿದ್ರ "ಆಟ" ಅಂತ ಹೆಂಗ ಹೇಳೋದು ಅಂತ ಅಕಿ ಸಂಕಟ. ಅವನ ದಿನ ಹೆಂಗಿರ್ತೈತಿ ಅಂತ ನಾನು ನೋಡೀನಿ. ಮುಂಜಾನೆ ಕರೆಂಟ್ ಇರೋ ಹೊತ್ತಿಗೇ ಕುಂದ್ರತಾನ. ಆಟದಾಗಿನ ಗೊಂಬಿ ಹಳ್ಳ ಜಿಗಿಯೋದು ಒಂದೀಟು ಭಾರ ಆತು, ಒಂದೀಟು ಹಗುರ ಆತು ಅಂತ ನಾಕು ದಿನ ಅದನ್ನೇ ತಿದ್ದತಾನ. ಸಂಜಿಗೆ ಓಣಿ ಹುಡುಗರನ್ನ ಕರದು ಆಡಾಕ ಕೊಟ್ಟು, ತಾನು ಬಾಯಿ ಬಿಡದಂಗ ಹಿಂದ ನಿಂತು, ಅವರು ಎಲ್ಲಿ ತಡವರಿಸ್ತಾರ ಅಂತ ನೋಟ್‌ಬುಕ್ಕಿನಾಗ ಬರಕೊಂತಾನ. ರಾತ್ರಿ ಎರಡು ತಾಸು ಆನ್‌ಲೈನ್ ಪಾಠ ಹೇಳ್ತಾನ, ಅದೇ ಅವನ ಸದ್ಯದ ಸಂಪಾದನಿ. ಕೂಡಿಟ್ಟ ದುಡ್ಡು ದೀಪಾವಳಿ ತನಕ ಬರ್ತೈತಂತ. ಅಷ್ಟ್ರಾಗ ಆಟ ಮುಗಿಲಿಲ್ಲಂದ್ರ ಮತ್ತ ಕೆಲಸಕ್ಕ ಹೋಗೋದು ಅಂತ ಅವ್ವಗ ಮಾತು ಕೊಟ್ಟಾನ.

ಅವನು ಹೇಳಿದ ಮ್ಯಾಲೆ ನಾನು ಬ್ಯಾರೆ ದೇಶದ ಕಥಿನೂ ಓದಿದೆ. ಅಮೆರಿಕಾದ ಎರಿಕ್ ಬರೋನ್ ಅನ್ನೋ ಹುಡುಗ ಕಾಲೇಜು ಮುಗಿಸಿ ಕೆಲಸ ಸಿಗದೇ, ಸುಮಾರು ನಾಕೂವರೆ ವರ್ಷ ಒಬ್ಬನೇ ಕುಂತು ಆಟ ಕಟ್ಟಿದ. ಚಿತ್ರ, ಸಂಗೀತ, ಮಾತು ಎಲ್ಲಾ ತಾನೇ. ಖರ್ಚಿಗೆ ಒಂದು ಥಿಯೇಟರಿನಾಗ ಜನರಿಗೆ ಸೀಟು ತೋರಿಸೋ ಕೆಲಸ. 2016ರಾಗ ಬಂದ ಆ "ಸ್ಟಾರ್‌ಡ್ಯೂ ವ್ಯಾಲಿ" ಲಕ್ಷಗಟ್ಟಲೆ ಜನರ ಕೈ ಸೇರಿತು. ಅದರಾಗ ಇರೋದು ಏನಂದ್ರ, ಪಾಳು ಬಿದ್ದ ಅಜ್ಜನ ಹೊಲ ಹಸನ ಮಾಡಿ ಬೆಳಿ ತೆಗಿಯೋದು! ನಮ್ಮ ಮನಿ ಗಂಡಸರು ನಕ್ಕರು, "ಅದನ್ನ ಆಡಾಕ ರೊಕ್ಕ ಕೊಡ್ತಾರೇನು?" ಅಂತ.

ಇನ್ನೊಂದು ಕಥಿ ಅಷ್ಟು ಸಿಹಿ ಅಲ್ಲ. ಲಿಜ್ಜಿ ಮ್ಯಾಗಿ ಅನ್ನೋ ಹೆಣ್ಣುಮಗಳು ಭೂಮಿ ಬಾಡಿಗಿ ತಿನ್ನೋರ ಅನ್ಯಾಯ ತೋರಿಸಾಕ "ಲ್ಯಾಂಡ್‌ಲಾರ್ಡ್ಸ್ ಗೇಮ್" ಅಂತ ಒಂದು ಮಣಿ ಆಟ ಕಟ್ಟಿ 1904ರಾಗ ಪೇಟೆಂಟ್ ತಗೊಂಡಿದ್ದಳು. ಅದರಿಂದಲೇ ಬೆಳೆದದ್ದು ನಮ್ಮ ಮಕ್ಕಳು ಆಡೋ ಮೊನೊಪಲಿ. 1935ರಾಗ ದೊಡ್ಡ ಕಂಪನಿ ಅಕಿ ಪೇಟೆಂಟನ್ನ 500 ಡಾಲರಿಗೆ ಕೊಂಡುಕೊಂಡಿತು. ಹೆಸರು, ಹಣ ಎರಡೂ ಬ್ಯಾರೆಯವನಿಗೆ ಹೋತು. ಮಂಟಪದ ನೆಲದ ಮ್ಯಾಲೆ ಹೆಸರಿಲ್ಲದ ಕೆತ್ತನಿ ಕಂಡಾಗ ನನಗ ಅಕಿ ನೆನಪಾಗ್ತಾಳ.

ಆದ್ರ ಹೆಸರು ಉಳಿದ ಮಾತ್ರಕ್ಕ ಆಟ ಉಳಿಯಂಗಿಲ್ಲ. ಮುಮ್ಮಡಿಯವರ ಛದ ಆಟಗಳನ್ನ ಇವತ್ತು ಯಾರ ಮನ್ಯಾಗೂ ಆಡಂಗಿಲ್ಲ. 360 ಎಲಿ ಯಾರು ಬರೀಬೇಕು, ಅಷ್ಟು ನೇಮ ಯಾರು ನೆನಪಿಡಬೇಕು? ಗಂಜೀಫಾ ಎಲಿ ಬರಿಯೋ ಕಲೆಯನ್ನ ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಮತ್ತ ಎತ್ತಿ ನಿಲ್ಲಿಸಿದ್ರು, ಮೈಸೂರು ಗಂಜೀಫಾಕ್ಕ ಭೌಗೋಳಿಕ ಗುರುತಿನ ಮಾನ್ಯತೆನೂ ಸಿಕ್ಕೈತಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು "ಕ್ರೀಡಾ ಕೌಶಲ್ಯ" ಅಂತ ಹಳೇ ಮಣಿ ಆಟಗಳ ಪ್ರದರ್ಶನ ಮಾಡ್ತಾರ. ಚಿತ್ರವಾಗಿ ಉಳಿದಾವು, ಆಟವಾಗಿ ಅಲ್ಲ. ಸೀಮಿಸುಣ್ಣದ ಗೆರಿ, ಎರಡು ಹುಣಸಿ ಬೀಜ, ಬಳಿ ಚೂರು ಸಾಕಾಗೋ ಚೌಕಾಬಾರ ಮಾತ್ರ ರಾಜರು ಹೋದ್ರೂ, ಕಂಪನಿ ಹೋದ್ರೂ ನಮ್ಮ ಪಡಸಾಲಿ ಬಿಟ್ಟು ಹೋಗಿಲ್ಲ. ಅಕ್ಕನ ಮಗನಿಗೆ ನಾನು ಹೇಳೋದೂ ಇದನ್ನೇ. ಬುದ್ಧಿವಂತಿಕಿ ರಾಜರಂಗ ಇರಲಿ, ನೇಮ ನಮ್ಮಜ್ಜಿ ಹೇಳಿಕೊಡೋವಷ್ಟು ಸಣ್ಣದಿರಲಿ.

ನಾನೂ ಅವನಿಗೊಂದು ಹೊಸಾ ಆಟದ ಯೋಚನಿ ಕೊಟ್ಟೀನಿ. ಅಶ್ವಿನಿ, ಭರಣಿಯಿಂದ ಹಿಡದು 27 ನಕ್ಷತ್ರಕ್ಕ 27 ಮನಿ. ಒಂದೊಂದು ಮಳಿಗೆ ಹದಿಮೂರು, ಹದಿನಾಕು ದಿನ. ಮಳಿ ಬರ್ತೈತೋ ಇಲ್ಲೋ ಕವಡಿ ಹೇಳ್ತೈತಿ. ರೋಹಿಣಿಗೆ ಬಿತ್ತಬೇಕೋ, ಮೃಗಶಿರಕ್ಕ ಕಾಯಬೇಕೋ, ಶೇಂಗಾನೋ ಜ್ವಾಳನೋ, ಅದು ಆಡೋರ ಕೈಯಾಗ. ಅವನು ಕೇಳಿ, "ಚಿಗವ್ವ, ಮಳಿ ಬರಲಿಲ್ಲಂದ್ರ ಆಡೋರು ಬ್ಯಾಸತ್ತು ಎದ್ದು ಹೋಗ್ತಾರ. ಬರಗಾಲದಾಗೂ ಅವರಿಗೆ ಏನಾರ ಕೆಲಸ ಇರಬೇಕಲ್ಲ" ಅಂದ. "ಕೂಡ್ಲಿಗಿ ಸೀಮ್ಯಾಗ ಹುಟ್ಟಿ ಇದನ್ನ ಕೇಳ್ತೀಯೇನೋ? ಬರ ಬಂದ್ರ ಎತ್ತು ಮಾರೋದೋ ಇಟ್ಟುಕೊಳ್ಳೋದೋ, ಬೀಜಕ್ಕ ಇಟ್ಟ ಕಾಳು ಉಣ್ಣೋದೋ ಬಿಡೋದೋ, ಬಾಜೂ ಮನಿಯವರ ಹತ್ರ ಜ್ವಾಳ ಕಡ ತರೋದೋ, ಗುಳೆ ಹೋಗೋದೋ. ಬರದಾಗೇ ಯೋಚನಿ ಮಾಡೋದು ಜಾಸ್ತಿ" ಅಂದೆ. ಅವನು ಸುಮ್ನಾಗಿ ನೋಟ್‌ಬುಕ್ ತಗದು ಬರಕೊಂಡ. ಈಗ ಹಲಗಿ ಮ್ಯಾಲೆ ಗೆರಿ ಹಾಕಿ ಹುಡುಗರ ಹತ್ರ ಆಡಿಸಿ ನೋಡಾಕತ್ಯಾನ. ಎರಡು ಸಲ ನೇಮ ಬದಲಾಗೈತಿ. ಗುಳೆ ಹೋದವರು ವಾಪಸ್ ಬರಾಕ ಎಷ್ಟು ಬೀಳಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಅದಕ್ಕ ನಿಮ್ಮದೊಂದು ಸಹಾಯ ಬೇಕು. ನಿಮ್ಮ ಊರಾಗ, ನಿಮ್ಮ ಮನಿ ಹಿರೇರು ಆಡತಿದ್ದ ಆಟದ ನೇಮಗಳನ್ನ ಕೇಳಿ ಬರದಿಡ್ರಿ. ಎಷ್ಟು ಮನಿ, ಎಷ್ಟು ಕಾಯಿ, ಯಾವ ಅಂಕಿಗೆ ಇನ್ನೊಂದು ಆಟ, ಕಾಯಿ ಹಣ್ಣಾಗೋದು ಹೆಂಗ, ಎಲ್ಲಾ. ಒಂದೇ ಆಟಕ್ಕ ಹಡಗಲಿ ಕಡೆ ಒಂದು ನೇಮ, ಹರಪನಹಳ್ಳಿ ಕಡೆ ಇನ್ನೊಂದು ಇದ್ರೂ ಬಿಡಬ್ಯಾಡ್ರಿ, ಎರಡೂ ಬರೀರಿ. ಹೇಳಿಕೊಟ್ಟವರ ಹೆಸರು ಮಾತ್ರ ಮರೀದೇ ಮ್ಯಾಲೆ ಹಾಕ್ರಿ.