ಸಫಾರಿಗೆ ಹೊರಟವರ ಚೀಲ: ಏನನ್ನು ಒಯ್ಯಬೇಕು, ಏನನ್ನು ಮನೆಯಲ್ಲೇ ಬಿಡಬೇಕು

ಭಂಕೂರ, ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಪರಿಸರದ ಕುಟುಂಬವೊಂದು ಬಂಡೀಪುರ ಅಥವಾ ನಾಗರಹೊಳೆಯ ಕಾಡು ನೋಡಲು ಹೊರಟರೆ, ಅರಣ್ಯದ ಬಾಗಿಲು ತಲುಪುವ ಮುನ್ನ ಆರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕ್ರಮಿಸಬೇಕಾಗುತ್ತದೆ. ಮೊದಲು ರೈಲು, ಬಳಿಕ ಮೈಸೂರಿನಿಂದ ಬಸ್ಸು ಅಥವಾ ಬಾಡಿಗೆ ವಾಹನ, ಕೊನೆಗೆ ಸಫಾರಿಯ ಜೀಪು. ಪ್ರತಿ ಬಾರಿ ವಾಹನ ಬದಲಿಸಿದಾಗಲೂ ಸಾಮಾನನ್ನು ಇಳಿಸಿ ಏರಿಸಬೇಕು. ಮದುವೆ ದಿಬ್ಬಣಕ್ಕೆ ಕಟ್ಟಿದಂತೆ ಗಂಟು ಕಟ್ಟಿಕೊಂಡು ಹೋದವರು ಕಾಡಿಗಿಂತ ಹೆಚ್ಚಾಗಿ ತಮ್ಮ ಸೂಟ್‌ಕೇಸುಗಳನ್ನೇ ಕಾಯುತ್ತ ಕೂರಬೇಕಾಗುತ್ತದೆ.

ಅಂತರ್ಜಾಲದಲ್ಲಿ ಸಿಗುವ ಸಫಾರಿ ಪಟ್ಟಿಗಳಲ್ಲಿ ಬಹುಪಾಲು ಆಫ್ರಿಕಾಕ್ಕಾಗಿ ಬರೆದವು. ಕೀನ್ಯಾ, ತಾಂಜಾನಿಯಾಗಳಲ್ಲಿ ಪ್ರವಾಸಿಗರನ್ನು ಕಾಡಿನ ನಡುವಿನ ಮಣ್ಣಿನ ರನ್‌ವೇಗಳಿಗೆ ಕೊಂಡೊಯ್ಯುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೋ ಮಿತಿ, ಅದೂ ಗಟ್ಟಿ ಪೆಟ್ಟಿಗೆಯಲ್ಲ, ಮೆತ್ತನೆಯ ಚೀಲ. ಸಫಾರಿಗೆ ಹಗುರವಾಗಿ ಹೋಗಬೇಕೆಂಬ ಮಾತಿಗೆ ಅಲ್ಲಿ ಇದೇ ದೊಡ್ಡ ಕಾರಣ. ಅಲ್ಲಿನ ಟ್ಸೆಟ್ಸೆ ನೊಣ ಗಾಢ ನೀಲಿ ಹಾಗೂ ಕಪ್ಪು ಬಣ್ಣಕ್ಕೆ ಮುತ್ತುತ್ತದೆ, ಆದ್ದರಿಂದ ಆ ಬಣ್ಣಗಳು ಬೇಡವೆನ್ನುತ್ತಾರೆ. ನಮ್ಮ ಕಾಡುಗಳಲ್ಲಿ ಆ ನೊಣವಿಲ್ಲ, ಆ ವಿಮಾನವೂ ಇಲ್ಲ. ನಮ್ಮಲ್ಲಿ ಹಗುರವಾಗಿ ಹೋಗಬೇಕಾದ ಕಾರಣಗಳೇ ಬೇರೆ.

ಸಫಾರಿ ಎಂಬ ಪದ ಮಾತ್ರ ನಮಗೆ ಅಪರಿಚಿತವಲ್ಲ. ಸ್ವಾಹಿಲಿ ಭಾಷೆಯಲ್ಲಿ ಅದರ ಅರ್ಥ ಪ್ರಯಾಣ. ಅದರ ಬೇರು ಅರಬ್ಬಿಯ ‘ಸಫರ್’. ಅದೇ ಪದವನ್ನು ಕಲಬುರಗಿ ಸೀಮೆಯ ಜನ ಉರ್ದುವಿನ ಮೂಲಕ ತಲೆಮಾರುಗಳಿಂದ ಬಲ್ಲರು. ಹಳೆಯ ಸಫಾರಿಗಳು ಹಗುರವಾಗಿದ್ದುವು ಎಂದೇನೂ ಭಾವಿಸಬೇಕಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಸಾಮಾನು ಹೊರಲು ನೂರಾರು ಹಮಾಲರಿದ್ದರು. ಹಂದಿ ಚರ್ಮದ ರಟ್ಟು ಹಾಕಿಸಿದ ಐವತ್ತಕ್ಕೂ ಹೆಚ್ಚು ಪುಸ್ತಕಗಳೂ ಅವರೊಂದಿಗೆ ಕಾಡು ಸುತ್ತಿದವು.

ಎರಡು ಚೀಲಗಳ ಲೆಕ್ಕ

ಸಫಾರಿ ಪ್ರವಾಸದಲ್ಲಿ ಎರಡು ಬಗೆಯ ಭಾರಗಳಿವೆ ಎಂಬುದನ್ನು ಮೊದಲು ಅರಿಯಬೇಕು. ಒಂದು, ಮನೆಯಿಂದ ವಸತಿಗೃಹದವರೆಗೆ ಸಾಗುವ ಪ್ರಯಾಣದ ಚೀಲ. ಇನ್ನೊಂದು, ಜೀಪಿನಲ್ಲಿ ಮಡಿಲ ಮೇಲೆ ಇರುವ ಸಣ್ಣ ಪಿಶವಿ. ಹೆಚ್ಚಿನವರು ಮೊದಲನೆಯದರ ಬಗ್ಗೆ ವಾರಗಟ್ಟಲೆ ಯೋಚಿಸಿ, ಎರಡನೆಯದನ್ನು ಮರೆಯುತ್ತಾರೆ. ಫಲವಾಗಿ ನಸುಕಿನಲ್ಲಿ ಬೇಕಾದ ಸ್ವೆಟರ್ ಕೋಣೆಯಲ್ಲಿರುವ ಸೂಟ್‌ಕೇಸಿನ ತಳದಲ್ಲಿ ಉಳಿಯುತ್ತದೆ, ಬೇಡವಾದ ಸೆಲ್ಫಿ ಕೋಲು ಕೈಯಲ್ಲಿರುತ್ತದೆ.

ಸಫಾರಿ ಜೀಪಿನಲ್ಲಿ ಸಾಮಾನಿಡಲು ಜಾಗವಿಲ್ಲ. ಸಾಲು ಸಾಲಾಗಿ ಕುಳಿತವರ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಇರುವ ಅಂತರವೇ ಗೇಣುದ್ದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು ಜೀಪನ್ನು ಕಂಡಿದ್ದರೆ ಚೀಲದ ಬಗ್ಗೆಯೂ ಇದೇ ಮಾತನ್ನು ಹೇಳುತ್ತಿದ್ದರು. ಕಾಲಬಳಿ ದೊಡ್ಡ ಚೀಲವಿದ್ದರೆ, ಎಡಬದಿಯಲ್ಲಿ ಪ್ರಾಣಿ ಕಂಡಾಗ ಬಲಬದಿಯವರು ತಿರುಗಲೂ ಆಗದು. ಮೇಲಾಗಿ ಪ್ಲಾಸ್ಟಿಕ್ ಚೀಲದ ಚರಪರ ಸದ್ದು ಜಿಂಕೆಯ ಕಿವಿಗೆ ಬಹು ದೂರದಿಂದ ತಲುಪುತ್ತದೆ. ಆದ್ದರಿಂದ ಮಡಿಲ ಪಿಶವಿ ಬಟ್ಟೆಯದಾಗಿರಲಿ. ಅದರಲ್ಲಿ ಒಂದು ಲೀಟರಿನ ಸ್ಟೀಲ್ ನೀರಿನ ಬಾಟಲಿ, ದುರ್ಬೀನು, ಟೊಪ್ಪಿಗೆ, ಟವೆಲು, ಬೇಕಾದ ಮಾತ್ರೆ, ಗುರುತಿನ ಚೀಟಿ ಇದ್ದರೆ ಸಾಕು.

ಪ್ರಯಾಣದ ಚೀಲವು ಒಬ್ಬರಿಗೆ 7 ಕಿಲೋ ಮೀರದಂತೆ ನೋಡಿಕೊಳ್ಳುವುದು ಕಷ್ಟವಲ್ಲ. 40 ಲೀಟರ್ ಅಳತೆಯ ಬೆನ್ನುಚೀಲ ತಾನೇ ಒಂದೂಕಾಲು ಕಿಲೋ ತೂಗುತ್ತದೆ. ಮೂರು ದಿನದ ಬಟ್ಟೆ ಎರಡೂವರೆ ಕಿಲೋ, ಸ್ವೆಟರ್ ಅಥವಾ ಜಾಕೆಟ್ಟು ಮುಕ್ಕಾಲು ಕಿಲೋ, ದುರ್ಬೀನು ಹೆಚ್ಚುಕಡಿಮೆ ಅಷ್ಟೇ. ಸಾಬೂನು, ಔಷಧ, ಚಾರ್ಜರುಗಳೆಲ್ಲ ಸೇರಿ ಒಂದು ಕಿಲೋ. ಬೂಟು ಕಾಲಲ್ಲೇ ಇರುತ್ತದೆ, ಚೀಲದಲ್ಲಿ ಒಂದು ಜೊತೆ ಚಪ್ಪಲಿ ಮಾತ್ರ. ಚಕ್ರದ ಸೂಟ್‌ಕೇಸು ಖಾಲಿಯಿದ್ದಾಗಲೇ ಮೂರು ನಾಲ್ಕು ಕಿಲೋ ತೂಗುತ್ತದೆ. ಅದರ ಚಕ್ರಗಳು ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲ ಮೇಲೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ರೈಲಿನಲ್ಲಿ

ಬಾಗಲಕೋಟೆ ಮತ್ತು ಮೈಸೂರು ನಡುವೆ ಓಡುವ ಬಸವ ಎಕ್ಸ್‌ಪ್ರೆಸ್ ಕಲಬುರಗಿ, ವಾಡಿ, ರಾಯಚೂರು, ಗುಂತಕಲ್, ಬೆಂಗಳೂರು ಮಾರ್ಗವಾಗಿ ಸಾಗುವುದರಿಂದ ಈ ಭಾಗದವರಿಗೆ ಗಾಡಿ ಬದಲಿಸದೆ ಮೈಸೂರು ಮುಟ್ಟುವ ಅನುಕೂಲವಿದೆ. ರೈಲ್ವೆಯ ನಿಯಮದಂತೆ ಉಚಿತವಾಗಿ ಒಯ್ಯಬಹುದಾದ ಸಾಮಾನು ಸ್ಲೀಪರ್ ಹಾಗೂ ಎ.ಸಿ. ಮೂರು ಹಂತದ ಬೋಗಿಗಳಲ್ಲಿ 40 ಕಿಲೋ, ಎರಡನೇ ದರ್ಜೆಯಲ್ಲಿ 35 ಕಿಲೋ, ಎ.ಸಿ. ಎರಡು ಹಂತದಲ್ಲಿ 50 ಕಿಲೋ. ಇಷ್ಟು ದೊಡ್ಡ ಮಿತಿಯೇ ನಮ್ಮವರನ್ನು ಹಾದಿ ತಪ್ಪಿಸುತ್ತದೆ. ಅನುಮತಿ ಇದೆಯೆಂದು ತುಂಬಿಸಿಕೊಂಡ ಸಾಮಾನನ್ನು ರೈಲು ಹೊತ್ತೀತು, ಗುಂಡ್ಲುಪೇಟೆಯ ಬಸ್ಸಿನ ಇಕ್ಕಟ್ಟಿನಲ್ಲಿ ಹೊರುವವರು ತಾವೇ.

ಬುತ್ತಿಯ ವಿಷಯದಲ್ಲಿ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯಷ್ಟು ಹಗುರವಾದ, ಕೆಡದ ಪ್ರಯಾಣದ ಆಹಾರ ಮತ್ತೊಂದಿಲ್ಲ. ಆದರೆ ಈ ಬುತ್ತಿ ರೈಲಿನಲ್ಲೋ ವಸತಿಗೃಹದಲ್ಲೋ ಮುಗಿಯಬೇಕು, ಜೀಪು ಏರಬಾರದು. ಸಫಾರಿ ವಾಹನದಲ್ಲಿ ತಿನ್ನುವುದು ಸಲ್ಲದು. ಆಹಾರದ ರುಚಿ ಹತ್ತಿದ ಮಂಗಗಳು ಮುಂದೆ ಬರುವ ಪ್ರತಿ ವಾಹನಕ್ಕೂ ಎರಗುತ್ತವೆ, ರಸ್ತೆಯಂಚಿಗೆ ಬಂದು ಗಾಲಿಗೂ ಸಿಲುಕುತ್ತವೆ.

ಚಳಿಯನ್ನು ಕಡೆಗಣಿಸಬೇಡಿ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನವರಿಗೆ ದಕ್ಷಿಣದ ಚಳಿಯ ಅಂದಾಜು ಸಿಗುವುದಿಲ್ಲ. ಬೆಳಗಿನ ಸಫಾರಿ ಸೂರ್ಯೋದಯದ ಆಸುಪಾಸಿನಲ್ಲಿ ಹೊರಡುತ್ತದೆ. ಡಿಸೆಂಬರ್, ಜನವರಿಯಲ್ಲಿ ತೆರೆದ ಜೀಪಿನಲ್ಲಿ ಎದುರುಗಾಳಿಗೆ ಮುಖವೊಡ್ಡಿ ಕುಳಿತಾಗ, ತಾಪಮಾಪಕ ತೋರುವುದಕ್ಕಿಂತ ಹೆಚ್ಚಿನ ಚಳಿ ಮೈಗೆ ತಟ್ಟುತ್ತದೆ. ಮಕ್ಕಳು ಮತ್ತು ವೃದ್ಧರು ನಡುಗುತ್ತ ಕುಳಿತ ಮೇಲೆ ಆನೆಯ ಹಿಂಡು ಎದುರಾದರೂ ಸಂತೋಷವಿರುವುದಿಲ್ಲ. ಇದಕ್ಕೆಂದು ಭಾರದ ಕೋಟು ಒಯ್ಯಬೇಕಿಲ್ಲ. ಒಳಗೆ ಹತ್ತಿಯ ಅಂಗಿ, ಮೇಲೆ ತೆಳು ಉಣ್ಣೆಯ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ತೆಳುವಾದ ಜಾಕೆಟ್ಟು ಹೀಗೆ ಪದರ ಪದರವಾಗಿ ಧರಿಸಿದರೆ ಬಿಸಿಲೇರಿದಂತೆ ಒಂದೊಂದನ್ನೇ ಕಳಚಬಹುದು. ಮಳೆಗಾಲದಲ್ಲಿ ಅದೇ ಜಾಕೆಟ್ಟು ಮಳೆಯನ್ನೂ ತಡೆಯುವಂಥದ್ದಾದರೆ ಕೊಡೆ ಬೇಡ. ಜೀಪಿನಲ್ಲಿ ಕೊಡೆ ಬಿಚ್ಚಿದವರನ್ನು ಸಹಪ್ರಯಾಣಿಕರು ಕ್ಷಮಿಸುವುದಿಲ್ಲ.

ಹೆಗಲ ಮೇಲಿನ ಟವೆಲು ಇಲ್ಲಿ ಬಹು ಉಪಯೋಗಿ. ನಸುಕಿನಲ್ಲಿ ಕಿವಿಗೆ ಸುತ್ತಲು, ಬೇಸಿಗೆಯ ಕೆಂಧೂಳಿಗೆ ಮೂಗು ಮುಚ್ಚಲು, ಕ್ಯಾಮೆರಾಕ್ಕೆ ಹೊದಿಸಲು ಅದೊಂದೇ ಸಾಕು.

ಬಣ್ಣದ ಮಾತು

ಸಫಾರಿಗೆಂದು ತಲೆಯಿಂದ ಕಾಲಿನವರೆಗೆ ಖಾಕಿ ಕೊಳ್ಳುವ ಅಗತ್ಯವಿಲ್ಲ. ಜಿಂಕೆ, ಕಡವೆಗಳ ಕಣ್ಣಿಗೆ ಕಿತ್ತಳೆ ಮತ್ತು ಹಸಿರಿನ ಭೇದ ಸರಿಯಾಗಿ ಕಾಣದು. ಕಿತ್ತಳೆ ಬಣ್ಣದ ಹುಲಿ ಹಸಿರು ಪೊದೆಯಲ್ಲಿ ಅಡಗಿ ಬೇಟೆಯಾಡಲು ಸಾಧ್ಯವಾಗಿರುವುದೂ ಇದರಿಂದಲೇ. ಆದರೆ ನೀಲಿ ಹಾಗೂ ಬಿಳಿ ಅವುಗಳಿಗೆ ಎದ್ದು ಕಾಣುತ್ತವೆ. ಹೀಗಾಗಿ ನಮ್ಮ ಹಿರಿಯರ ಅಚ್ಚ ಬಿಳಿಯ ಧೋತರ, ಅಂಗಿಗಳು ಊರಿಗೆ ಚೆನ್ನ, ಕಾಡಿಗಲ್ಲ. ಮನೆಯಲ್ಲಿರುವ ಕಂದು, ಬೂದು, ಎಲೆಹಸಿರಿನ ಹಳೆಯ ಬಟ್ಟೆಗಳೇ ಸಾಕು. ಸೇನೆಯ ಸಮವಸ್ತ್ರವನ್ನು ಹೋಲುವ ಮಚ್ಚೆ ಬಟ್ಟೆ ಬೇಡವೇ ಬೇಡ. ಜೀಪಿನ ಮೆಟ್ಟಿಲು ಎತ್ತರವಿರುವುದರಿಂದ ಹೆಂಗಸರಿಗೆ ಸೀರೆಗಿಂತ ಚೂಡಿದಾರ ಅನುಕೂಲ.

ಜೇನ್ನೊಣಗಳ ಕಾಟ ಬೇಡವಾದರೆ ಗಾಢ ಅತ್ತರನ್ನು ಮನೆಯಲ್ಲಿ ಬಿಡುವುದು ಒಳಿತು. ಮಳೆಗಾಲದಲ್ಲಿ ನಾಗರಹೊಳೆ, ಭದ್ರಾ ಕಡೆಯ ಕಾಡುಗಳಲ್ಲಿ ಜಿಗಣೆ, ಒಣ ತಿಂಗಳುಗಳಲ್ಲಿ ಉಣ್ಣೆಹುಳು ಇರುತ್ತವೆ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಉದ್ದ ಪ್ಯಾಂಟು ಇವೆರಡರಿಂದಲೂ ರಕ್ಷಿಸುತ್ತವೆ. ಮಲೆನಾಡಿನಲ್ಲಿ 1957ರಲ್ಲಿ ಪತ್ತೆಯಾದ ಕ್ಯಾಸನೂರು ಕಾಡಿನ ಕಾಯಿಲೆ ಹರಡುವುದು ಉಣ್ಣೆಹುಳುವಿನಿಂದಲೇ ಎಂಬುದು ನೆನಪಿರಲಿ.

ದುರ್ಬೀನು ಮೊದಲು, ಕ್ಯಾಮೆರಾ ಬಳಿಕ

ನಾಲ್ವರ ಕುಟುಂಬ ಒಂದು ದುರ್ಬೀನು ಒಯ್ಯುವುದಾದರೆ 8×42 ಎಂದು ನಮೂದಿಸಿರುವುದನ್ನು ಆರಿಸಿಕೊಳ್ಳಬಹುದು. ಮೊದಲ ಅಂಕೆ ನೋಟವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ, ಎರಡನೆಯದು ಮುಂಭಾಗದ ಗಾಜಿನ ವ್ಯಾಸವನ್ನು ಮಿಲಿಮೀಟರಿನಲ್ಲೂ ಹೇಳುತ್ತದೆ. ಹಿಗ್ಗಿಸುವ ಶಕ್ತಿ ಹೆಚ್ಚಿದಂತೆ ಕೈನಡುಕವೂ ಹಿಗ್ಗುವುದರಿಂದ ಅಲುಗುವ ಜೀಪಿನಲ್ಲಿ ಎಂಟು ಪಟ್ಟೇ ಹಿತ. ಮುಂಜಾವದ ಮಬ್ಬಿನಲ್ಲಿ ಅಗಲ ಗಾಜು ಹೆಚ್ಚು ಬೆಳಕನ್ನು ಒಳಬಿಡುತ್ತದೆ.

ಕ್ಯಾಮೆರಾ ಒಯ್ಯುವವರು ಒಂದೇ ಒಂದು ಜೂಮ್ ಲೆನ್ಸಿಗೆ ತೃಪ್ತರಾಗಬೇಕು. ಧೂಳಿನಲ್ಲಿ ಲೆನ್ಸು ಬದಲಿಸುವುದು ಕ್ಯಾಮೆರಾಕ್ಕೆ ಹಾನಿ. ದೊಡ್ಡ ಲೆನ್ಸುಗಳಿಗೆ ಪ್ರತ್ಯೇಕ ಶುಲ್ಕವನ್ನೂ ತೆರಬೇಕಾಗಬಹುದು. ಟ್ರೈಪಾಡ್ ಜೀಪಿನಲ್ಲಿ ನಿಲ್ಲದು. ಅದರ ಬದಲು ಖಾಲಿ ಬಟ್ಟೆಯ ಚೀಲವೊಂದನ್ನು ಮಡಚಿ ಒಯ್ದು, ಅಲ್ಲಿಯ ಅಂಗಡಿಯಲ್ಲಿ ಕಿಲೋ ಅಕ್ಕಿ ಕೊಂಡು ತುಂಬಿಸಿ ಬಾಯಿ ಹೊಲಿದರೆ ಕ್ಯಾಮೆರಾ ಊರಲು ಒಳ್ಳೆಯ ದಿಂಬಾಗುತ್ತದೆ. ಸಫಾರಿ ಮುಗಿದ ಮೇಲೆ ಅಕ್ಕಿಯನ್ನು ಅಲ್ಲೇ ಯಾರಿಗಾದರೂ ಕೊಟ್ಟು, ಬರಿ ಚೀಲದೊಂದಿಗೆ ಮರಳಬಹುದು. ಡ್ರೋನ್ ಒಯ್ಯುವ ಆಲೋಚನೆಯನ್ನೇ ಬಿಡಬೇಕು.

ಮೊಬೈಲ್ ಬಗ್ಗೆ ಒಂದು ಹೊಸ ಸಂಗತಿ. 2025ರ ನವೆಂಬರಿನಲ್ಲಿ ಕಾರ್ಬೆಟ್ ಹುಲಿ ರಕ್ಷಿತಾರಣ್ಯದ ಪ್ರಕರಣದಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟು, ಹುಲಿ ರಕ್ಷಿತಾರಣ್ಯಗಳ ಹೃದಯಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಕೂಡದೆಂದು ಹೇಳಿತು. ಆದ್ದರಿಂದ ಟಿಕೆಟ್ಟು, ಗುರುತಿನ ಚೀಟಿಗಳನ್ನು ಮೊಬೈಲಿನಲ್ಲಿ ಮಾತ್ರ ಇಟ್ಟುಕೊಂಡು ಹೋಗುವುದು ಜಾಣತನವಲ್ಲ. ಕಾಡಂಚಿನಲ್ಲಿ ಸಂಪರ್ಕ ಜಾಲವೂ ನೆಚ್ಚಿಕೆಯದಲ್ಲ. ಮುದ್ರಿತ ಪ್ರತಿ, ಅಸಲಿ ಗುರುತಿನ ಚೀಟಿ, ಒಂದಷ್ಟು ನಗದು ಇವು ಕಾಲು ಕಿಲೋ ಕೂಡ ತೂಗುವುದಿಲ್ಲ.

ಒಯ್ಯಲೇಬಾರದ ಹಗುರ ವಸ್ತುಗಳು

ತೂಕವೇ ಇಲ್ಲದ ಕೆಲವು ವಸ್ತುಗಳು ಕಾಡಿಗೆ ಅತಿ ಭಾರವಾಗುತ್ತವೆ. ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಅವುಗಳಲ್ಲಿ ಮೊದಲನೆಯವು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಬೆಂಕಿಗೆ ಸಾವಿರಾರು ಎಕರೆ ಕಾಡು ಸುಟ್ಟುಹೋಯಿತು. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಅಲ್ಲಿನ ಹುಲ್ಲು ಕಿಡಿಗಾಗಿ ಕಾದು ಕುಳಿತಿರುತ್ತದೆ. ಗುಟ್ಕಾ ಪೊಟ್ಟಣ, ಚಿಪ್ಸ್ ಚೀಲ, ಕೈಬಿಟ್ಟ ನೀರಿನ ಬಾಟಲಿಗಳದ್ದು ಎರಡನೆಯ ಸ್ಥಾನ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶವ್ಯಾಪಿ ನಿಷೇಧ ಬಂದಿತು. ಆದರೂ ಉಪ್ಪಿನ, ಎಣ್ಣೆಯ ವಾಸನೆ ಉಳಿದ ಪೊಟ್ಟಣವನ್ನು ಜಿಂಕೆ ನುಂಗುತ್ತದೆ, ಆನೆಯ ಲದ್ದಿಯಲ್ಲೂ ಪ್ಲಾಸ್ಟಿಕ್ ಸಿಕ್ಕಿದೆ. ಮನೆಯಲ್ಲೇ ಹೊದಿಕೆಗಳನ್ನು ಬಿಡಿಸಿ, ತಿಂಡಿಯನ್ನು ಡಬ್ಬಿಗೆ ಹಾಕಿಕೊಂಡು ಹೊರಟರೆ ಕಸ ಹುಟ್ಟುವುದೇ ಇಲ್ಲ.

ಔಷಧಗಳ ವಿಷಯದಲ್ಲಿ ಮಾತ್ರ ಹಗುರತನದ ಹಟ ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಒಯ್ಯಬೇಕು. ಬಂಡೀಪುರದ ಮೂಲಕ ಸಾಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆ. ರಾತ್ರಿ ಮರೆತ ಮಾತ್ರೆ ನೆನಪಾದರೆ ಅಂಗಡಿ ಹುಡುಕಿ ಹೊರಡುವುದು ಸುಲಭವಲ್ಲ.

ಹೊರಡುವ ಮುನ್ನ

ಚೀಲ ಕಟ್ಟುವುದಕ್ಕೂ ಮೊದಲು ಸಫಾರಿ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. 2025ರ ನವೆಂಬರಿನಲ್ಲಿ, ಮೈಸೂರು ಜಿಲ್ಲೆಯ ಕಾಡಂಚಿನ ಗ್ರಾಮಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ, ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿದರು. ಸಫಾರಿಯ ಸಿಬ್ಬಂದಿಯನ್ನು ಹುಲಿ ಪತ್ತೆ ಕಾರ್ಯಕ್ಕೆ ಬಳಸುವಂತೆಯೂ ಸೂಚನೆ ನೀಡಲಾಯಿತು. ಹೊಲಕ್ಕೆ ಹೋದವರ ಜೀವದ ಪ್ರಶ್ನೆ ಎದ್ದಾಗ ಪ್ರವಾಸಿಯ ಟಿಕೆಟ್ಟು ಹಿಂದೆ ಸರಿಯುವುದು ನ್ಯಾಯವೇ. ಕಾಳ್ಗಿಚ್ಚಿನ ಅಪಾಯ, ಅತಿವೃಷ್ಟಿಗಳ ಕಾರಣದಿಂದಲೂ ಸಫಾರಿ ನಿಲ್ಲುವುದುಂಟು. ಹೊರಡುವ ಹಿಂದಿನ ದಿನ ಅರಣ್ಯ ಇಲಾಖೆಯನ್ನೋ ವಸತಿಗೃಹವನ್ನೋ ವಿಚಾರಿಸಿದರೆ ಆರುನೂರು ಕಿಲೋಮೀಟರ್ ವ್ಯರ್ಥ ಅಲೆದಾಟ ತಪ್ಪುತ್ತದೆ.

ಮೊದಲ ಬಾರಿಗೆ ಹೋಗುವವರಿಗೆ ತಾಲೀಮಿನ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಹೆಸರಾದ ಈ ಕಾಡಿನಲ್ಲಿ ತೋಳ, ಕತ್ತೆಕಿರುಬ, ಕೃಷ್ಣಮೃಗಗಳ ನೆಲೆಯಿದೆ. ಚಂದ್ರಂಪಳ್ಳಿ ಜಲಾಶಯದ ದಂಡೆ ಹಕ್ಕಿ ನೋಡುವವರಿಗೆ ಪ್ರಿಯ. ಇಲಾಖೆಯ ಅನುಮತಿ ಪಡೆದು, ಮಡಿಲ ಪಿಶವಿಯೊಂದನ್ನೇ ಹಿಡಿದು ಅಲ್ಲಿ ಒಂದು ದಿನ ಕಳೆದು ಬಂದರೆ, ಯಾವುದನ್ನು ಬಳಸಿದೆವು, ಯಾವುದು ಸುಮ್ಮನೆ ಹೆಗಲೇರಿ ಹೋಗಿ ಬಂತು ಎಂಬುದು ಸಂಜೆ ಪಿಶವಿ ಬಿಚ್ಚುವಾಗಲೇ ತಿಳಿಯುತ್ತದೆ. ಬೇಸಿಗೆಯಲ್ಲಿ ಹೋಗುವವರು ನೀರನ್ನು ಮಾತ್ರ ಒಂದರ ಬದಲು ಎರಡು ಲೀಟರ್ ಒಯ್ಯತಕ್ಕದ್ದು.