ಎರಕ, ಓತಕಾಮ, ಫೌಂಡ್ರಿ: ಡಫಳಾಪುರದ ಕಡೆಯಿಂದ ಒಂದು ಟಿಪ್ಪಣಿ

'ಫೌಂಡ್ರಿ' ಎಂಬುದನ್ನು 'ಕುಲುಮೆ' ಎಂದು ಅನುವಾದಿಸುವ ರೂಢಿ ನಮ್ಮಲ್ಲಿದೆ. ಇದು ಸಣ್ಣ ತಪ್ಪಲ್ಲ. ಕುಲುಮೆಯಲ್ಲಿ ಕಬ್ಬಿಣವು ಕೆಂಪಾಗಿ ಮೆದುವಾಗುತ್ತದೆಯೇ ಹೊರತು ಕರಗುವುದಿಲ್ಲ. ಸುತ್ತಿಗೆಯ ಪೆಟ್ಟಿನಿಂದ ರೂಪ ಪಡೆಯುತ್ತದೆ. ಫೌಂಡ್ರಿಯಲ್ಲಿ ಲೋಹವು ನೀರಾಗಿ ಅಚ್ಚಿಗೆ ಇಳಿಯುತ್ತದೆ. ಒಂದು ಬಡಿಯುವ ಕಸುಬು, ಇನ್ನೊಂದು ಎರೆಯುವ ಕಸುಬು.

ಕನ್ನಡ, ಮರಾಠಿ ಎರಡನ್ನೂ ಆಡುವ ಜತ್ತ ತಾಲೂಕಿನ ಡಫಳಾಪುರದಂತಹ ಊರಿನಿಂದ ನೋಡಿದರೆ ಈ ಭೇದ ಇನ್ನಷ್ಟು ಸ್ಪಷ್ಟವಾಗುತ್ತದೆ. 'ಫೌಂಡ್ರಿ'ಯ ಮೂಲ ಲ್ಯಾಟಿನ್ನಿನ 'ಫುಂಡೆರೆ', ಅಂದರೆ ಸುರಿ. (ಸ್ಥಾಪಿಸು ಎಂಬರ್ಥದ 'ಫುಂಡಾರೆ' ಬೇರೆಯೇ ಧಾತು, ಎರಡನ್ನೂ ಬೆರೆಸುವ ವಿದ್ಯಾರ್ಥಿಗಳು ಪ್ರತಿವರ್ಷ ಸಿಗುತ್ತಾರೆ.) ಮರಾಠಿಯ 'ಓತಣೆ' ಎಂದರೂ ಸುರಿಯುವುದೇ, ಅದರಿಂದ 'ಓತಕಾಮ', 'ಓತಾರಿ'. ಕನ್ನಡದ 'ಎರಕ' ಹುಟ್ಟಿದ್ದು 'ಎರೆ'ಯಿಂದ: ತಲೆಗೆ ನೀರೆರೆಯುವ, ಪಂಚಮಿಗೆ ಹಾಲೆರೆಯುವ, ಮಗಳನ್ನು ಧಾರೆಯೆರೆಯುವ ಅದೇ ಎರೆ. ಮೂರು ಭಾಷೆಗಳು ಒಂದೇ ಕ್ರಿಯೆಯನ್ನು ಕಂಡು ಹೆಸರಿಟ್ಟಿವೆ. ಆದರೆ ಕಸುಬುದಾರನನ್ನು ಹೆಸರಿಸುವಾಗ ದಾರಿ ಕವಲೊಡೆಯುತ್ತದೆ. ಮರಾಠಿಯ ಓತಾರಿಗೆ ಕ್ರಿಯೆಯಿಂದ ಹೆಸರು. ಕನ್ನಡದ ಕಂಚುಗಾರನಿಗೆ ಲೋಹದಿಂದ.

ಕನ್ನಡದ ಈ ಆಯ್ಕೆ ಆಕಸ್ಮಿಕವಲ್ಲವೆಂದು ನನ್ನ ಊಹೆ. ಈ ಸೀಮೆಯಲ್ಲಿ ಎರಕವೆಂದರೆ ಬಹುಕಾಲ ಕಂಚು, ಹಿತ್ತಾಳೆಗಳ ಎರಕವೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ 'ಮಾನಸೋಲ್ಲಾಸ' ಮೇಣದ ಅಚ್ಚಿನ ಕ್ರಮವನ್ನು ವಿವರಿಸುತ್ತ, ಮೇಣದ ತೂಕಕ್ಕೆ ಬೆಳ್ಳಿ 12 ಪಟ್ಟು, ಬಂಗಾರ 16 ಪಟ್ಟು ಬೇಕೆಂದು ಲೆಕ್ಕ ಕೊಡುತ್ತದೆ. ಡಫಳಾಪುರದ ಪಾಟೀಲ ಮನೆತನವಾದ ಡಫಳೆಯವರು ಜತ್ತದ ದೇಶಮುಖಿಯನ್ನು ಪಡೆದದ್ದು ಬಿಜಾಪುರದ ಆದಿಲಶಾಹಿಯಿಂದ. ಆ ಬಿಜಾಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡದ್ದು. ಅದೂ ಕಂಚಿನ ಜಾತಿಯ ಲೋಹವೇ. ಕಬ್ಬಿಣ ಮಾತ್ರ ಕಮ್ಮಾರನ ಕುಲುಮೆಯಲ್ಲಿ ಉಳಿದಿತ್ತು.

ರೈತನ ಕೈಗೆ ಎರಕದ ಕಬ್ಬಿಣ ಬಂದದ್ದು ನೇಗಿಲಿನ ಮೂಲಕ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು. ಅದು ನೆಲಕ್ಕೆ ವಿಷವಿಕ್ಕುತ್ತದೆಂದು ರೈತರು ಅಂಜಿದರು, ಕೊಳ್ಳುವವರು ಸಿಗಲಿಲ್ಲ. 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕುಂಡಲ ರೋಡ್ ನಿಲ್ದಾಣದ ಬಳಿಯ ಬರಡು ನೆಲಕ್ಕೆ ಕಾರ್ಖಾನೆ ಹೋಯಿತು; ಅದೇ ಕಿರ್ಲೋಸ್ಕರವಾಡಿ, ಇಂದು ಡಫಳಾಪುರವಿರುವ ಸಾಂಗ್ಲಿ ಜಿಲ್ಲೆಯಲ್ಲೇ ಇದೆ. ಡಫಳಾಪುರದ ಪುಟ್ಟ ಜಹಗೀರು ಜತ್ತದಲ್ಲಿ ವಿಲೀನವಾದದ್ದು 1917ರಲ್ಲಿ. ಸಂಸ್ಥಾನದ ಗಡಿ ಅಳಿಯುತ್ತಿದ್ದ ದಶಕದಲ್ಲೇ ಕಸುಬಿನ ಗಡಿಯೂ ಅಳಿಯುತ್ತಿತ್ತು: ಕುಲುಮೆಯ ಲೋಹ ಎರಕಕ್ಕೆ ಬಂದಿತು.

ಹೀಗೆ ಬಂದ ಲೋಹಕ್ಕೆ ಕನ್ನಡದಲ್ಲಿ 'ಬೀಡು', ಮರಾಠಿಯಲ್ಲಿ 'ಬೀಡ'. ಯಾರಿಂದ ಯಾರಿಗೆ ಹೋಯಿತೆಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಜನ ಎರವಲು ಪಡೆದದ್ದು ಸ್ಥಳದ ಹೆಸರನ್ನು. ಮೂಸೆ, ತಿದಿಗಳನ್ನು ಹಿತ್ತಲಿನಲ್ಲೇ ಹೂಡಬಹುದಾಗಿದ್ದಾಗ ಎರಕಕ್ಕೆಂದೇ ಬೇರೆ ಕಟ್ಟಡದ ಹೆಸರು ಬೇಕಿರಲಿಲ್ಲ. ಎತ್ತರದ ಕುಲುಮೆಗೂಡು, ಮರಳಿನ ಅಚ್ಚುಗಳ ಸಾಲು, ಪಾಳಿ, ಹಾಜರಿಪುಸ್ತಕ ಬಂದಾಗ ಬೇಕಾಯಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಕನ್ನಡಿಗನೂ ಕೊಲ್ಹಾಪುರದಲ್ಲಿ ಮರಾಠಿಗನೂ ಹೋಗುವುದು 'ಫೌಂಡ್ರಿ'ಗೇ. ಇದನ್ನು ಗಡಿಕನ್ನಡದ ಸೋಲೆಂದು ಪಟ್ಟಿಮಾಡುವ ನಮ್ಮ ಪದಸಂಗ್ರಹಕಾರರು ಎಣಿಕೆಯಲ್ಲಿ ಎಡವಿದ್ದಾರೆ. ಕಟ್ಟಡದ ಹೆಸರು ಹೊರಗಿನದು, ಸರಿ. ಒಳಗೆ ನಡೆಯುವ ಕೆಲಸಕ್ಕೆ 'ಎರಕ ಹೊಯ್ಯುವುದು' ಎಂಬ ಮಾತು ಇನ್ನೂ ಇದೆ. ಆ 'ಹೊಯ್' ಎಂಬ ಧಾತುವಿಗೆ ಸುರಿ, ಬಡಿ ಎಂಬ ಎರಡೂ ಅರ್ಥಗಳಿವೆ.