ಚದಲಪುರ ಕ್ರಾಸಿನಿಂದ ಕಂದವಾರದ ಏರಿಯವರೆಗೆ

ಉತ್ತರ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಸಾಲಿನಲ್ಲಿ. ಗೌರಿಬಿದನೂರಿನ ಮಗ್ಗುಲಲ್ಲೇ ಹಾದು ಅದು ಆಂಧ್ರ ಸೇರುತ್ತದೆ. ಆದರೆ ಮಳೆಗಾಲ ಕಳೆದರೆ ಅದರ ಒಡಲಲ್ಲಿ ಕಾಣುವುದು ಜಾಲಿ ಗಿಡಗಳೇ. ಹಾಗಾಗಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯನ್ನು ಸಾಕಿದ್ದು ಹೊಳೆಯಲ್ಲ, ಕೆರೆ.

1479ರ ಸುಮಾರಿಗೆ ಆವತಿ ಮನೆತನದ ಮಲ್ಲ ಬೈರೇಗೌಡ ಚಿಕ್ಕಬಳ್ಳಾಪುರ ಕಟ್ಟಿದ ಎನ್ನುತ್ತಾರೆ. ಬೇಟೆನಾಯಿಗಳ ಮೇಲೆ ಮೊಲವೇ ತಿರುಗಿಬಿದ್ದದ್ದನ್ನು ಕಂಡು ಇದು ಗಂಡು ಮೆಟ್ಟಿದ ನೆಲವೆಂದು ಅವನು ಕೋಟೆಗೆ ಜಾಗ ಹಿಡಿದನಂತೆ. ಮೊಲ ತಿರುಗಿಬಿದ್ದ ಕಥೆ ನಡೆಯುವುದು ಕೋಡಿ ಮಂಚನಹಳ್ಳಿಯ ಹತ್ತಿರ. ಹಳ್ಳಿಯ ಹೆಸರಲ್ಲೇ ಕೋಡಿ ಇರುವುದರಿಂದ, ಊರಿಗಿಂತ ಮೊದಲೇ ಅಲ್ಲೊಂದು ಕೆರೆ, ಅದಕ್ಕೊಂದು ಕೋಡಿ ಇದ್ದಿರಬೇಕು ಎಂದು ನನ್ನ ಊಹೆ.

ಈ ಕೆರೆಗಳು ಒಂಟಿಯಾಗಿ ಬದುಕಿದವಲ್ಲ. ಬೆಟ್ಟದ ನೀರು ರಾಜಕಾಲುವೆ ಹಿಡಿದು ಮೇಲಿನ ಕೆರೆಗೆ ಬರುತ್ತದೆ. ಅದು ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಚಿಕ್ಕಬಳ್ಳಾಪುರದ ಕಂದವಾರ ಕೆರೆ, ಗೋಪಾಲಕೃಷ್ಣ ಅಮಾನಿ ಕೆರೆ, ಶಿಡ್ಲಘಟ್ಟದ ಗೌಡನ ಕೆರೆ, ಅಮ್ಮನ ಕೆರೆ, ಎಲ್ಲಕ್ಕೂ ಇದೇ ಲೆಕ್ಕ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ನೀರುಗಂಟಿಯ ಕೆಲಸ. ಅವನ ಕೂಲಿ ಅಚ್ಚುಕಟ್ಟಿನ ರೈತರು ಕಣದಲ್ಲೇ ಅಳೆದುಕೊಡುತ್ತಿದ್ದ ಕಾಳು. ಬೇಸಿಗೆಯಲ್ಲಿ ಕೆರೆಯಂಗಳದ ಗೋಡುಮಣ್ಣು ಗಾಡಿಗಳಲ್ಲಿ ಹೊಲ ಸೇರುತ್ತಿತ್ತು. ಹೂಳೂ ಹೋಗುತ್ತಿತ್ತು, ಗೊಬ್ಬರವೂ ಆಗುತ್ತಿತ್ತು. ಕೆರೆ ತುಂಬಿದ ವರ್ಷ ಏರಿಯ ಮೇಲೆ ಗಂಗಮ್ಮನ ಪೂಜೆ, ಬಾಗಿನ, ಊರೂಟ.

ಕೊಳವೆಬಾವಿ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಅವರವರ ಹೊಲದಲ್ಲೇ ನೀರು ಸಿಕ್ಕಾಗ ತೂಬಿನ ಹತ್ತಿರ ಹೋಗುವವರು ಯಾರು? ಕಾಲುವೆಗಳು ಒತ್ತುವರಿಯಾದವು, ನೀರುಗಂಟಿಯ ಮಕ್ಕಳು ಬೇರೆ ಕೂಲಿ ಹುಡುಕಿಕೊಂಡು ಹೋದರು. ನಾಲ್ಕೂ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿ ಸೇರಿದವು. ಸಾವಿರ, ಸಾವಿರದೈನೂರು ಅಡಿ ಕೊರೆದರೆ ದೂಳು ಬರುತ್ತದೆ, ಇಲ್ಲವೇ ಫ್ಲೋರೈಡ್ ಬೆರೆತ ನೀರು.

ಆಗ ಎದ್ದು ನಿಂತದ್ದು ಶಾಶ್ವತ ನೀರಾವರಿ ಹೋರಾಟ ಸಮಿತಿ. ಆರ್. ಆಂಜನೇಯ ರೆಡ್ಡಿ ಅಧ್ಯಕ್ಷರಾಗಿ, ಊರೂರಿನ ರೈತರು, ಯುವಕರು, ವಿದ್ಯಾರ್ಥಿಗಳು ಸೇರಿ ಕಟ್ಟಿದ ಬಳಗ. ನೀರಾವರಿ ತಜ್ಞ ಜಿ.ಎಸ್. ಪರಮಶಿವಯ್ಯನವರ ವರದಿ ಜಾರಿ ಮಾಡಿ ಬಯಲುಸೀಮೆಯ ಕೆರೆ ತುಂಬಿಸಿ ಎಂಬುದು ಅವರ ಬೇಡಿಕೆ. 2014ರಲ್ಲಿ, ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆಯಾಯಿತು. ಅದರಿಂದ 24 ಟಿಎಂಸಿ ಅಡಿ ನೀರು ಸಿಗುತ್ತದೆಂಬ ಲೆಕ್ಕವನ್ನು ಸಮಿತಿಯವರು ನಂಬಲಿಲ್ಲ. ಚಿಕ್ಕಬಳ್ಳಾಪುರದ ಬಳಿಯ ಚದಲಪುರ ಕ್ರಾಸಿನಲ್ಲಿ ಪೆಂಡಾಲ್ ಹಾಕಿ ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ದಿನಕ್ಕೊಂದು ಊರಿನವರ ಸರದಿ. ಕೊನೆಗೆ 2016ರ ಮಾರ್ಚ್ 3ರಂದು ಟ್ರ್ಯಾಕ್ಟರುಗಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೊರಟರು. ರಾಜಧಾನಿಯ ಸಂಚಾರ ನಿಂತುಹೋಯಿತು, ಲಾಠಿ ಬೀಸಲಾಯಿತು. ನಮ್ಮ ಭಾಗದ ಬಾಯಾರಿಕೆ ಬೆಂಗಳೂರಿಗೆ ಅರಿವಾದದ್ದು ಅಂದೇ ಎಂದು ನಾನು ನಂಬಿದ್ದೇನೆ.

ಆಮೇಲೆ ನೀರು ಬಂತು. ಬಂದದ್ದು ಬೆಂಗಳೂರಿನ ಚರಂಡಿ ನೀರು, ಎರಡು ಹಂತದಲ್ಲಿ ಶುದ್ಧೀಕರಿಸಿದ್ದು. ಈ ನೀರು ತಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ 126 ಕೆರೆಗಳಲ್ಲಿ ಹೆಚ್ಚಿನವು ಕೋಲಾರದವು, ಕೆಲವು ಚಿಂತಾಮಣಿ ತಾಲ್ಲೂಕಿನವು. 2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ಬಿಳಿ ನೊರೆ ಎದ್ದಾಗ ಸಮಿತಿ ಹೈಕೋರ್ಟಿನ ಬಾಗಿಲು ತಟ್ಟಿತು. ನೀರು ಬಿಡುವುದಕ್ಕೆ ಅದೇ ತಿಂಗಳು ತಡೆ, ಸೆಪ್ಟೆಂಬರಿನಲ್ಲಿ ತೆರವು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆದು, ಏಪ್ರಿಲಿನಲ್ಲಿ ತೆರವು ಮಾಡಿತು. ಇಂಥದ್ದೇ ಇನ್ನೊಂದು ಯೋಜನೆಯಾದ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯ ನೀರು ಕಂದವಾರ ಕೆರೆಗೂ ಬಂತು.

ಕೇಸು ಹಾಕಿದವರನ್ನು ಆಗ ಬಹಳ ಮಂದಿ ಬೈದರು. ಒಣಗಿದ ಕೆರೆಗೆ ನೀರು ಬರುವಾಗ ಅಡ್ಡ ಬರುತ್ತಾರೆ ಎಂದರು. ಬೈದವರ ಸಂಕಟ ಸುಳ್ಳಲ್ಲ. ಬತ್ತಿದ ಕೊಳವೆಬಾವಿಯಲ್ಲಿ ಮತ್ತೆ ನೀರು ಕಂಡ ರೈತನಿಗೆ ಅದು ಮರುಹುಟ್ಟು. ಆದರೂ ಸಮಿತಿ ಕೇಳಿದ್ದು ನ್ಯಾಯವಾದದ್ದನ್ನೇ. ನಮ್ಮಲ್ಲಿ ಕೆರೆಯ ನೀರು ಇಂಗಿ ಕೊಳವೆಬಾವಿಗೆ, ಅಲ್ಲಿಂದ ನಲ್ಲಿಗೆ ಬರುತ್ತದೆ. ಅದನ್ನೇ ದನ ಕುಡಿಯುತ್ತದೆ, ಹಿಪ್ಪುನೇರಳೆ ತೋಟಕ್ಕೂ ಅದೇ ನೀರು. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಬಿಡಿ ಎಂಬುದು ಹಟಮಾರಿತನವಲ್ಲ.

2021ರ ನವೆಂಬರಿನಲ್ಲಿ ಎಡೆಬಿಡದೆ ಸುರಿದ ಮಳೆಗೆ ವರ್ಷಾನುಗಟ್ಟಲೆ ತುಂಬದಿದ್ದ ಕೆರೆಗಳು ಕೋಡಿ ಹೋದವು. ಜನ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರು. ಒತ್ತುವರಿಯಾದ ಕಾಲುವೆಗಳು ಎಲ್ಲೆಲ್ಲಿವೆ ಎಂಬುದನ್ನು ಆ ಮಳೆಯೇ ತೋರಿಸಿತು. ದಾರಿ ಸಿಗದ ನೀರು ರಸ್ತೆಗೆ, ಮನೆಗೆ ನುಗ್ಗಿತು.

ಈಗ ಗೌರಿಬಿದನೂರು ತಾಲ್ಲೂಕಿನ ವಾಟದಹೊಸಹಳ್ಳಿ ಕೆರೆಯ ಸರದಿ. ಆ ನೀರನ್ನು ಗೌರಿಬಿದನೂರು ನಗರಕ್ಕೆ ಒಯ್ಯುವ ಯೋಜನೆಗೆ ಅಚ್ಚುಕಟ್ಟಿನ ರೈತರು ಅಡ್ಡ ನಿಂತಿದ್ದಾರೆ. ನಗರದವರಿಗೂ ನೀರು ಬೇಕು, ನಿಜ. ಆದರೆ ಕೆರೆಯನ್ನು ತಲೆತಲಾಂತರದಿಂದ ಕಾಯ್ದವರನ್ನು ಕೇಳದೆ ಪೈಪು ಹಾಕುವುದು ಸರಿಯಲ್ಲ.

2024ರ ಸೆಪ್ಟೆಂಬರಿನಲ್ಲಿ ಎತ್ತಿನಹೊಳೆಯ ಮೊದಲ ಹಂತಕ್ಕೆ ಸಕಲೇಶಪುರದ ಕಡೆ ಚಾಲನೆ ಸಿಕ್ಕಿತು. ಆ ನೀರು ಬಂದಾಗ ಬರಲಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸವೊಂದಿದೆ. ಮುಂಗಾರಿಗೆ ಮೊದಲು ಊರಿನ ನಾಲ್ಕು ಜನ ಸೇರಿ ಗ್ರಾಮ ನಕ್ಷೆ ಹಿಡಿದು ನಿಮ್ಮ ಕೆರೆಯ ರಾಜಕಾಲುವೆಯ ಉದ್ದಕ್ಕೂ ನಡೆದು ನೋಡಿ. ಮುಚ್ಚಿದ ಕಡೆಯೆಲ್ಲ ಗುರುತು ಹಾಕಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.